ತೋಟದ ಲೆಕ್ಕದ ಹಳೆಯ ತಂತ್ರಾಂಶ ಹೊಸ ವಿಂಡೋಸ್‌ನಲ್ಲಿ ತೆರೆಯುತ್ತಿಲ್ಲ: 339 ಎಂಬ ದೋಷವೂ 2014 ಎಂಬ ದಿನಾಂಕವೂ

ಪ್ರಶ್ನೆ: ಸುಂಟಿಕೊಪ್ಪದ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ವಾರದ ಬಟವಾಡೆ, ಕಾರ್ಮಿಕರಿಗೆ ಕೊಟ್ಟ ಮುಂಗಡ, ಕೊಯ್ಲಿನ ತೂಕ, ಮಳೆ ಲೆಕ್ಕ ಎಲ್ಲವೂ ಒಂದು ಹಳೆಯ ತಂತ್ರಾಂಶದಲ್ಲಿವೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪರಿಚಯದವರೊಬ್ಬರು ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಟ್ಟದ್ದು. ಅವರು ಈಗ ವಿದೇಶದಲ್ಲಿದ್ದಾರೆ, ಸಂಪರ್ಕವಿಲ್ಲ. 2014ರಲ್ಲಿ ವಿಂಡೋಸ್ 7ಕ್ಕೆ ಬಂದೆವು, ತೊಂದರೆ ಇರಲಿಲ್ಲ. ಈಚೆಗೆ ಬ್ಯಾಂಕ್ ಮತ್ತು ಜಿಎಸ್‌ಟಿ ಪುಟಗಳು ಹಳೆಯ ಕಂಪ್ಯೂಟರಿನಲ್ಲಿ ತೆರೆಯದಾದ್ದರಿಂದ ಸಾಹುಕಾರರು ವಿಂಡೋಸ್ 11 ಇರುವ ಹೊಸದನ್ನು ತಂದರು. ಪ್ರೋಗ್ರಾಂ ಫೈಲ್ಸ್‌ನಲ್ಲಿದ್ದ ತಂತ್ರಾಂಶದ ಫೋಲ್ಡರನ್ನು ಪೂರ್ತಿ ನಕಲು ಮಾಡಿ ತಂದೆ. ತೆರೆದರೆ ‘ರನ್‌ಟೈಮ್ ಎರರ್ 339’ ಎಂದು ಬರುತ್ತದೆ. ‘ಎಂಎಸ್‌ಕಾಮ್‌ಸಿಟಿಎಲ್ ಡಾಟ್ ಒಸಿಎಕ್ಸ್’ ಎಂಬ ಫೈಲ್ ಇಲ್ಲ ಅಥವಾ ಸರಿಯಾಗಿ ನೋಂದಣಿಯಾಗಿಲ್ಲ ಎನ್ನುತ್ತದೆ. ಅಂಗಡಿಯ ಹುಡುಗ ಆ ಫೈಲನ್ನು ಯಾವುದೋ ಜಾಲತಾಣದಿಂದ ಇಳಿಸಿ ಸಿಸ್ಟಂ32 ಫೋಲ್ಡರಿಗೆ ಹಾಕಿದ. ಎಕ್ಸ್‌ಪಿ ಹೊಂದಾಣಿಕೆಯ ಆಯ್ಕೆಯನ್ನೂ ಒತ್ತಿ ನೋಡಿದ. ಏನೂ ಬದಲಾಗಲಿಲ್ಲ. ಹಳೆಯ ಕಂಪ್ಯೂಟರನ್ನು ವಿನಿಮಯಕ್ಕೆ ಕೊಡುವ ಮಾತಿದೆ. ಇನ್ನೊಂದು ಸಣ್ಣ ವಿಷಯ: ಫೋಲ್ಡರಿನಲ್ಲಿರುವ ಲೆಕ್ಕದ ಎಂಡಿಬಿ ಫೈಲಿನ ಮುಂದೆ 2014ರ ದಿನಾಂಕ ಕಾಣುತ್ತಿದೆ. ಹಳೆಯ ಕಂಪ್ಯೂಟರಿನ ಗಡಿಯಾರ ತಪ್ಪಾಗಿತ್ತೇನೋ.

ಉತ್ತರ: ಇದನ್ನು ಪೂರ್ತಿ ಓದುವ ಮೊದಲು ಸಾಹುಕಾರರಿಗೆ ಒಂದು ಫೋನ್ ಮಾಡಿ, ಹಳೆಯ ಕಂಪ್ಯೂಟರನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ ಎಂದು ಹೇಳಿ. ಅಂಗಡಿಗೆ ಹೋಗಿಯೇ ಬಿಟ್ಟಿದ್ದರೆ ಅದರ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡದಂತೆ ತಡೆಯಿರಿ. ನೀವು ಸಮಸ್ಯೆ ಎಂದು ಬರೆದಿರುವ 339 ಅರ್ಧ ದಿನದೊಳಗೆ ಬಗೆಹರಿಯುವಂಥದ್ದು. ಸಣ್ಣ ವಿಷಯ ಎಂದು ಬರೆದಿದ್ದೀರಲ್ಲ, ಆ 2014ರ ದಿನಾಂಕ, ಅದೇ ನಿಮ್ಮ ಪತ್ರದ ದೊಡ್ಡ ವಿಷಯ. ಗಡಿಯಾರ ಸರಿಯಾಗಿಯೇ ಇತ್ತು. ನೀವು ಹೊಸ ಕಂಪ್ಯೂಟರಿಗೆ ತಂದಿರುವುದು 2014ರಲ್ಲಿ ನಿಂತುಹೋದ ಲೆಕ್ಕ; ಆಮೇಲಿನ ವರ್ಷಗಳ ಚೆಕ್‌ರೋಲ್ ಹಳೆಯ ಡಿಸ್ಕಿನ ಇನ್ನೊಂದು ಮೂಲೆಯಲ್ಲಿ ಉಳಿದಿದೆ ಎಂಬುದು ಬಹುಮಟ್ಟಿಗೆ ಖಚಿತ.

ಹೀಗಾಗುವುದು ಹೇಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಕ್ಸ್‌ಪಿ ಕಾಲದ ತಂತ್ರಾಂಶಗಳು ತಾವು ಕುಳಿತ ಫೋಲ್ಡರಿನಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್‌ನ ಒಳಗೇ, ತಮ್ಮ ಲೆಕ್ಕವನ್ನೂ ಬರೆದಿಡುತ್ತಿದ್ದವು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಇದಕ್ಕೆ ತಡೆ ಹಾಕಿತು: ಸಾಮಾನ್ಯ ಅಧಿಕಾರದಲ್ಲಿ ಓಡುವ ಯಾವ ತಂತ್ರಾಂಶವೂ ಪ್ರೋಗ್ರಾಂ ಫೈಲ್ಸ್‌ನಲ್ಲಿ ಏನನ್ನೂ ಬರೆಯುವಂತಿಲ್ಲ. ಕಟ್ಟುನಿಟ್ಟಾಗಿ ತಡೆದರೆ ಲೋಕದ ಹಳೆಯ ತಂತ್ರಾಂಶಗಳೆಲ್ಲ ಒಂದೇ ದಿನ ನಿಂತುಹೋಗುತ್ತವೆ. ಅದಕ್ಕಾಗಿ ಒಂದು ಉಪಾಯ ಹೂಡಿದರು. ಹಳೆಯ ತಂತ್ರಾಂಶ ಬರೆಯಲು ಹೊರಟಾಗ ವಿಂಡೋಸ್ ಆ ಫೈಲಿನ ಒಂದು ಪ್ರತಿಯನ್ನು ಸದ್ದಿಲ್ಲದೆ ಬಳಕೆದಾರನ ಸ್ವಂತ ಫೋಲ್ಡರಿನೊಳಗೆ ಮಾಡುತ್ತದೆ, ಅಲ್ಲಿ ಬರೆಸುತ್ತದೆ, ‘ನೀನು ಹೇಳಿದ ಜಾಗದಲ್ಲೇ ಬರೆದಿದ್ದೇನೆ’ ಎಂದು ತಂತ್ರಾಂಶಕ್ಕೆ ಹೇಳುತ್ತದೆ. ಮುಂದೆ ಓದುವಾಗಲೂ ಆ ಪ್ರತಿಯನ್ನೇ ತೋರಿಸುತ್ತದೆ. ಆ ಜಾಗದ ಹೆಸರು ವರ್ಚುವಲ್‌ಸ್ಟೋರ್.

2014ರಲ್ಲಿ ಯಾರೋ ಎಕ್ಸ್‌ಪಿಯಿಂದ ತಂದ ಫೋಲ್ಡರನ್ನು ವಿಂಡೋಸ್ 7ರ ಪ್ರೋಗ್ರಾಂ ಫೈಲ್ಸ್‌ಗೆ ಹಾಕಿದರು. ನೀವು ಮೊದಲ ಹಾಜರಿ ಬರೆದ ದಿನವೇ ಲೆಕ್ಕದ ಫೈಲಿನ ಪ್ರತಿ ವರ್ಚುವಲ್‌ಸ್ಟೋರ್‌ನಲ್ಲಿ ಹುಟ್ಟಿತು. ಅಂದಿನಿಂದ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಮೂಲ ಫೈಲನ್ನು ಯಾರೂ ಮುಟ್ಟಿಲ್ಲ, ಅದಕ್ಕೇ ಅದರ ಮೇಲೆ 2014 ಹಾಗೇ ನಿಂತಿದೆ.

ಹಳೆಯ ಕಂಪ್ಯೂಟರ್ ಇನ್ನೂ ಚಾಲೂ ಆಗುತ್ತದೆ ಎಂದಾದರೆ ನಿಮ್ಮ ಅದೃಷ್ಟ. ಅದರಲ್ಲಿ ತಂತ್ರಾಂಶದ ಫೋಲ್ಡರನ್ನು ತೆರೆದು ಮೇಲಿನ ಪಟ್ಟಿಯನ್ನು ನೋಡಿ. ವಿಂಡೋಸ್ 7ರಲ್ಲಿ ಇಂಥ ಫೋಲ್ಡರುಗಳಿಗೆ ‘ಕಂಪ್ಯಾಟಿಬಿಲಿಟಿ ಫೈಲ್ಸ್’ ಎಂಬ ಗುಂಡಿ ಕಾಣಿಸುತ್ತದೆ. ಅದನ್ನು ಒತ್ತಿದರೆ ನೇರವಾಗಿ ವರ್ಚುವಲ್‌ಸ್ಟೋರ್‌ನ ಒಳಗೇ ಹೋಗುತ್ತೀರಿ. ಗುಂಡಿ ಕಾಣದಿದ್ದರೆ ಅಡಗಿದ ಫೋಲ್ಡರುಗಳನ್ನು ತೋರಿಸುವ ಆಯ್ಕೆ ಮಾಡಿಕೊಂಡು ಸಿ ಡ್ರೈವ್, ಯೂಸರ್ಸ್, ನೀವು ಲಾಗಿನ್ ಆಗುತ್ತಿದ್ದ ಹೆಸರು, ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್, ಪ್ರೋಗ್ರಾಂ ಫೈಲ್ಸ್ ಎಂಬ ಕ್ರಮದಲ್ಲಿ ಒಂದೊಂದಾಗಿ ಒಳಗೆ ಹೋಗಿ. ಕಂಪ್ಯೂಟರ್ ಚಾಲೂ ಆಗದಿದ್ದರೂ ಡಿಸ್ಕ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಡಿಸ್ಕನ್ನು ಬಿಚ್ಚಿಸಿ ಯುಎಸ್‌ಬಿ ಜೋಡಣೆಯ ಮೂಲಕ ಹೊಸ ಕಂಪ್ಯೂಟರಿಗೆ ಸೇರಿಸಿದರೆ ಇದೇ ದಾರಿಯಲ್ಲಿ ಹೋಗಬಹುದು. ನಡುವೆ ‘ಈ ಫೋಲ್ಡರಿಗೆ ನಿಮಗೆ ಅನುಮತಿ ಇಲ್ಲ’ ಎಂದು ಕೇಳುತ್ತದೆ. ‘ಕಂಟಿನ್ಯೂ’ ಒತ್ತಿ ಕಾಯಿರಿ.

ಇಲ್ಲಿ ಇನ್ನೊಂದು ತೊಡಕಿದೆ. ವರ್ಚುವಲ್‌ಸ್ಟೋರ್ ಲಾಗಿನ್‌ಗೆ ಒಂದರಂತೆ ಇರುತ್ತದೆ. ನೀವು ಒಂದು ಹೆಸರಿನಲ್ಲಿ, ಸಾಹುಕಾರರು ಅಥವಾ ಅವರ ಮಕ್ಕಳು ಇನ್ನೊಂದು ಹೆಸರಿನಲ್ಲಿ ಲಾಗಿನ್ ಆಗಿ ಇದೇ ತಂತ್ರಾಂಶದಲ್ಲಿ ಏನಾದರೂ ಬರೆದಿದ್ದರೆ ಎರಡು ಬೇರೆ ಬೇರೆ ಲೆಕ್ಕಗಳಿವೆ. ಅದಲ್ಲದೆ, ಯಾರಾದರೂ ಎಂದಾದರೂ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದಿದ್ದರೆ ವಿಂಡೋಸ್ ಈ ಉಪಾಯವನ್ನೆಲ್ಲ ಬದಿಗಿಟ್ಟು ಪ್ರೋಗ್ರಾಂ ಫೈಲ್ಸ್‌ನ ಮೂಲ ಫೈಲನ್ನೇ ತೋರಿಸುತ್ತದೆ. ‘ಒಂದು ದಿನ ಲೆಕ್ಕವೆಲ್ಲ ಮಾಯವಾಗಿತ್ತು, ಮರುದಿನ ತಾನಾಗಿಯೇ ಬಂತು’ ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ಮಾಯವೂ ಇಲ್ಲ, ಮಂತ್ರವೂ ಇಲ್ಲ. ಬೇರೆ ಫೈಲ್ ತೆರೆದಿತ್ತು ಅಷ್ಟೆ. ನಿಮ್ಮ ಮೂಲ ಫೈಲಿನ ದಿನಾಂಕ 2014ರಲ್ಲೇ ಇರುವುದರಿಂದ ಆ ದಾರಿಯಲ್ಲಿ ಯಾರೂ ಬರೆದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೂ ಯೂಸರ್ಸ್ ಫೋಲ್ಡರಿನಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟರಲ್ಲೂ ಹುಡುಕಿ. ಸಿಕ್ಕ ಪ್ರತಿಯೊಂದು ಎಂಡಿಬಿ ಫೈಲನ್ನೂ ಪೆನ್‌ಡ್ರೈವಿನಲ್ಲಿ ಬೇರೆ ಬೇರೆ ಫೋಲ್ಡರ್ ಮಾಡಿ, ಯಾರ ಲಾಗಿನ್‌ನಿಂದ ಬಂದದ್ದು ಎಂದು ಹೆಸರಿಟ್ಟು ಹಾಕಿ. ನಕಲು ಮಾಡುವಾಗ ತಂತ್ರಾಂಶ ಮುಚ್ಚಿರಬೇಕು. ಪಕ್ಕದಲ್ಲಿ ಅದೇ ಹೆಸರಿನ ಎಲ್‌ಡಿಬಿ ಫೈಲ್ ಒಂದು ಕಾಣುತ್ತಿದ್ದರೆ ಸಾಮಾನ್ಯವಾಗಿ ಎಲ್ಲೋ ತೆರೆದೇ ಇದೆ ಎಂದು ಅರ್ಥ.

ಎಂಡಿಬಿ ಫೈಲ್ ಕೈಗೆ ಸಿಕ್ಕ ಕೂಡಲೇ ಅದರ ಮೇಲೆ ಎರಡು ಸಲ ಒತ್ತಿ ಹೊಸ ಆ್ಯಕ್ಸೆಸ್‌ನಲ್ಲಿ (ಎಂಡಿಬಿ ಫೈಲುಗಳನ್ನು ತೆರೆಯುವ ಮೈಕ್ರೋಸಾಫ್ಟ್ ತಂತ್ರಾಂಶ) ತೆರೆದು ನೋಡುವ ಆಸೆಯಾಗುತ್ತದೆ. ಬೇಡ. ಹೊಸ ನಮೂನೆಗೆ ಪರಿವರ್ತಿಸಿಬಿಟ್ಟರೆ ನಿಮ್ಮ ತಂತ್ರಾಂಶ ಅದನ್ನು ಗುರುತಿಸುವುದೇ ಇಲ್ಲ. ಫೈಲ್ ಆ್ಯಕ್ಸೆಸ್ 97ರ ಕಾಲದ್ದಾಗಿದ್ದರೆ 2013 ಮತ್ತು ಅನಂತರದ ಆ್ಯಕ್ಸೆಸ್ ಅದನ್ನು ತೆರೆಯುವುದೂ ಇಲ್ಲ. ಹಾಳಾಗಿದೆ ಎಂದು ನೀವು ಸುಮ್ಮನೆ ಹೆದರುತ್ತೀರಿ.

ಲೆಕ್ಕ ಭದ್ರವಾಯಿತು ಎಂದುಕೊಂಡು ಈಗ 339ಕ್ಕೆ ಬರೋಣ.

ವಿಷುಯಲ್ ಬೇಸಿಕ್ 6 ಹೊರಬಂದದ್ದು 1998ರಲ್ಲಿ. ಅದರಲ್ಲಿ ಬರೆದ ತಂತ್ರಾಂಶ ಓಡಲು ಬೇಕಾದ ಮೂಲ ಭಾಗಗಳು ವಿಂಡೋಸ್ 11ರಲ್ಲೂ ಬರುತ್ತವೆ. ಮೈಕ್ರೋಸಾಫ್ಟ್ ಅವಕ್ಕೆ ಇಂದಿಗೂ ಬೆಂಬಲ ಕೊಡುತ್ತದೆ. ಆ್ಯಕ್ಸೆಸ್ ಫೈಲನ್ನು ಓದುವ ಜೆಟ್ ಎಂಬ ಯಂತ್ರವೂ ಹಾಗೆಯೇ ಬರುತ್ತದೆ. ಆದ್ದರಿಂದ ‘ಇಷ್ಟು ಹಳೆಯದು ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಂಡೋಸ್‌ನೊಂದಿಗೆ ಬರದೇ ಇರುವುದು ಒಸಿಎಕ್ಸ್ ಎಂಬ ಹೆಚ್ಚುವರಿ ಬಿಡಿಭಾಗಗಳು. ಪರದೆಯ ಮೇಲಿನ ಪಟ್ಟಿ, ಗುಂಡಿಗಳ ಸಾಲು, ತಾರೀಕು ಆರಿಸುವ ಕ್ಯಾಲೆಂಡರ್ ಇವೆಲ್ಲ ಅವುಗಳ ಕೆಲಸ. ತಂತ್ರಾಂಶ ಬರೆದವರು ಅನುಸ್ಥಾಪನೆಯ ಸಿಡಿಯಲ್ಲಿ ಇವನ್ನು ಸೇರಿಸಿ ಕೊಡುತ್ತಿದ್ದರು. ಅನುಸ್ಥಾಪನೆ ನಡೆದಾಗ ಅವು ವಿಂಡೋಸ್‌ನ ಫೋಲ್ಡರಿಗೆ ಹೋಗಿ, ವಿಂಡೋಸ್‌ನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದವು. ನೀವು ತಂದದ್ದು ತಂತ್ರಾಂಶದ ಫೋಲ್ಡರನ್ನು ಮಾತ್ರ. ವಿಂಡೋಸ್ ಫೋಲ್ಡರಿನಲ್ಲಿದ್ದ ಭಾಗ ಹಳೆಯ ಕಂಪ್ಯೂಟರಿನಲ್ಲೇ ಉಳಿಯಿತು. ಇಲ್ಲದ ಫೈಲನ್ನು ಎಕ್ಸ್‌ಪಿ ಹೊಂದಾಣಿಕೆಯ ಆಯ್ಕೆ ಸೃಷ್ಟಿಸಿ ಕೊಡಲಾರದು.

ಅಂಗಡಿಯ ಹುಡುಗ ಫೈಲ್ ತಂದು ಹಾಕಿದರೂ ಏಕೆ ಸರಿಹೋಗಲಿಲ್ಲ? ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅದರಲ್ಲಿ ಎರಡು ಫೋಲ್ಡರುಗಳಿವೆ. ಸಿಸ್ಟಂ32 ಎಂಬುದರಲ್ಲಿ 64 ಬಿಟ್ ಫೈಲುಗಳು, ಸಿಸ್‌ವಾವ್64 ಎಂಬುದರಲ್ಲಿ 32 ಬಿಟ್ ಫೈಲುಗಳು. ಅಕ್ಕಿಯ ಡಬ್ಬಕ್ಕೆ ಬೇಳೆಯ ಚೀಟಿ, ಬೇಳೆಯ ಡಬ್ಬಕ್ಕೆ ಅಕ್ಕಿಯ ಚೀಟಿ ಅಂಟಿಸಿದ ಹಾಗೆ. ಹಳೆಯ ತಂತ್ರಾಂಶಗಳು ‘ಸಿಸ್ಟಂ32’ ಎಂಬ ಹೆಸರನ್ನು ಒಳಗೇ ಬರೆದುಕೊಂಡಿದ್ದರಿಂದ ಆ ಹೆಸರನ್ನು ಬದಲಿಸಲು ಮೈಕ್ರೋಸಾಫ್ಟ್‌ಗೆ ಆಗಲಿಲ್ಲ. ನಿಮ್ಮ ತಂತ್ರಾಂಶ 32 ಬಿಟ್‌ನದು. ಅದು ಸಿಸ್ಟಂ32 ಎಂದು ಕೇಳಿದರೆ ವಿಂಡೋಸ್ ಅದನ್ನು ಸಿಸ್‌ವಾವ್64ಕ್ಕೆ ಕಳಿಸುತ್ತದೆ. ಹುಡುಗ ಹಾಕಿದ ಫೈಲ್ ಅದರ ಕಣ್ಣಿಗೇ ಬೀಳಲಿಲ್ಲ.

ಬೀಳದೇ ಇದ್ದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಕಾಣೆಯಾದ ಫೈಲುಗಳನ್ನು ಉಚಿತವಾಗಿ ಕೊಡುತ್ತೇವೆ ಎನ್ನುವ ಜಾಲತಾಣಗಳಿಂದ ತಂದದ್ದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನೋಂದಾಯಿಸುವುದೆಂದರೆ ಅಪರಿಚಿತನಿಗೆ ಆಫೀಸಿನ ಬೀಗದ ಕೈ ಕೊಡುವುದು. ಅದೇ ಕಂಪ್ಯೂಟರಿನಲ್ಲಿ ನೀವು ಬ್ಯಾಂಕಿನ ವ್ಯವಹಾರ ಮಾಡುವವರು. ಈ ಎಂಎಸ್‌ಕಾಮ್‌ಸಿಟಿಎಲ್ ಫೈಲಿಗಂತೂ ಒಂದು ಚರಿತ್ರೆಯೇ ಇದೆ: ಅದರಲ್ಲಿದ್ದ ಒಂದು ಬಿರುಕನ್ನು ಮೈಕ್ರೋಸಾಫ್ಟ್ 2012ರ ಏಪ್ರಿಲ್‌ನಲ್ಲಿ ಮುಚ್ಚಿತು. ವರ್ಡ್ ಕಡತಗಳ ಮೂಲಕ ಕಂಪ್ಯೂಟರುಗಳೊಳಗೆ ನುಗ್ಗಲು ಕಳ್ಳರು ಆ ಬಿರುಕನ್ನು ಆಮೇಲೂ ಬಹಳ ಕಾಲ ಬಳಸಿದರು. ಹುಡುಗ ಸಿಸ್ಟಂ32ರಲ್ಲಿ ಹಾಕಿದ ಫೈಲನ್ನು ಅಳಿಸಿ, ಒಮ್ಮೆ ವಿಂಡೋಸ್ ಸೆಕ್ಯುರಿಟಿಯಿಂದ ಪೂರ್ತಿ ತಪಾಸಣೆ ಮಾಡಿಸಿಬಿಡಿ.

ಸರಿಯಾದ ಫೈಲ್ ಎಲ್ಲಿಂದ ತರುವುದು? ಮೂಲ ಸಿಡಿ ತೋಟದ ಆಫೀಸಿನ ಯಾವುದಾದರೂ ಡ್ರಾಯರಿನಲ್ಲಿದ್ದರೆ ಅದೇ ಉತ್ತಮ. ಅದರಿಂದ ಅನುಸ್ಥಾಪನೆ ಮಾಡಿದರೆ ಬೇಕಾದ ಒಸಿಎಕ್ಸ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ನಡುವೆ ‘ನಿಮ್ಮಲ್ಲಿರುವ ಫೈಲ್ ಇದಕ್ಕಿಂತ ಹೊಸದು, ಅದನ್ನೇ ಇಟ್ಟುಕೊಳ್ಳಬೇಕೇ’ ಎಂದು ಕೇಳಿದಾಗಲೆಲ್ಲ ‘ಹೌದು’ ಎನ್ನಿ. ಲೆಕ್ಕದ ಫೈಲನ್ನು ಹಾಕುವ ಮೊದಲೇ ಇದನ್ನು ಮಾಡಿ ಮುಗಿಸಿ. ಸಿಡಿಯಲ್ಲಿ ಒಂದು ಖಾಲಿ ಎಂಡಿಬಿ ಇರುತ್ತದೆ, ಅದು ನಿಮ್ಮ ತುಂಬಿದ ಎಂಡಿಬಿಯ ಮೇಲೆ ಬಂದು ಕುಳಿತರೆ ಕಷ್ಟ.

ಸಿಡಿ ಸಿಗದಿದ್ದರೆ ಹಳೆಯ ಡಿಸ್ಕೇ ಗತಿ. ನಿಮ್ಮ ವಿಂಡೋಸ್ 7 ಬಹುಶಃ 32 ಬಿಟ್‌ನದಾಗಿರುತ್ತದೆ; ಹಾಗಿದ್ದರೆ ಫೈಲ್ ಅದರ ಸಿಸ್ಟಂ32ರಲ್ಲೇ ಸಿಗುತ್ತದೆ. 64 ಬಿಟ್ ಆಗಿದ್ದರೆ ಸಿಸ್‌ವಾವ್64ರಲ್ಲಿ ನೋಡಿ. ಅಲ್ಲಿರುವ ಒಸಿಎಕ್ಸ್ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ತಂದಿಟ್ಟುಕೊಳ್ಳಿ, ಏಕೆಂದರೆ 339 ಒಂದೇ ಸಲಕ್ಕೆ ನಿಲ್ಲುವ ದೋಷವಲ್ಲ. ಮೊದಲನೆಯದನ್ನು ಸರಿಪಡಿಸಿದ ಕೂಡಲೇ ಎರಡನೆಯ ಫೈಲಿನ ಹೆಸರು ಹೇಳುತ್ತದೆ, ಆಮೇಲೆ ಮೂರನೆಯದು. ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಎಂಎಸ್‌ಕಾಮ್‌ಸಿಟಿ2, ಕಾಮ್‌ಡಿಎಲ್‌ಜಿ32, ಎಂಎಸ್‌ಫ್ಲೆಕ್ಸ್‌ಜಿಆರ್‌ಡಿ, ಟ್ಯಾಬ್‌ಸಿಟಿಎಲ್32. ಹೆಸರು ಬದಲಾಗುತ್ತಿದೆ ಎಂದರೆ ಕೆಲಸ ಮುಂದೆ ಸಾಗುತ್ತಿದೆ ಎಂದೇ ಅರ್ಥ, ಬೇಸರಪಡಬೇಡಿ. ಎಲ್ಲವನ್ನೂ ಕಣ್ಣುಮುಚ್ಚಿ ಸುರಿಯದೆ, ಅದು ಕೇಳಿದ್ದನ್ನಷ್ಟೇ ಕೊಡಿ.

ಫೈಲನ್ನು ಸಿಸ್‌ವಾವ್64 ಫೋಲ್ಡರಿಗೆ ಹಾಕಿ, ಅದರ ಮೇಲೆ ಬಲಗುಂಡಿ ಒತ್ತಿ ‘ಕಾಪಿ ಆ್ಯಸ್ ಪಾತ್’ ಆಯ್ದುಕೊಳ್ಳಿ. ಆಮೇಲೆ ಸ್ಟಾರ್ಟ್ ಪಟ್ಟಿಯಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆ ಕಪ್ಪು ಕಿಟಕಿಯಲ್ಲಿ ಆರ್, ಇ, ಜಿ, ಎಸ್, ವಿ, ಆರ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಿಡುವಿಲ್ಲದೆ ಹೊಡೆದು, ಅದಕ್ಕೆ ಅಂಟಿಸಿ 32 ಹೊಡೆಯಿರಿ. ಒಂದು ಜಾಗ ಬಿಟ್ಟು, ನಕಲಿಸಿಕೊಂಡ ದಾರಿಯನ್ನು ಅಂಟಿಸಿ, ಎಂಟರ್ ಒತ್ತಿ. ‘ಸಕ್ಸೀಡೆಡ್’ ಎಂಬ ಪದವಿರುವ ಸಣ್ಣ ಪೆಟ್ಟಿಗೆ ಬಂದರೆ ನೋಂದಣಿ ಆಯಿತು. ಸೊನ್ನೆ, ಎಕ್ಸ್, 8 ಎಂದು ಆರಂಭವಾಗುವ ಉದ್ದನೆಯ ಸಂಖ್ಯೆ ಬಂದರೆ ಹೆಚ್ಚಾಗಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿಲ್ಲ ಎಂದು ಅರ್ಥ; ಮುಚ್ಚಿ ಮತ್ತೆ ಸರಿಯಾಗಿ ತೆರೆಯಿರಿ. ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕಾದದ್ದು ಈ ನೋಂದಣಿಗೆ ಮಾತ್ರ. ದಿನನಿತ್ಯ ತಂತ್ರಾಂಶವನ್ನು ತೆರೆಯಲು ಅದನ್ನು ಬಳಸಬೇಡಿ.

ಈ ಸಲ ತಂತ್ರಾಂಶವನ್ನು ಪ್ರೋಗ್ರಾಂ ಫೈಲ್ಸ್‌ಗೆ ಹಾಕಲೇಬೇಡಿ. ಹಾಕಿದರೆ ವಿಂಡೋಸ್ 11ರಲ್ಲೂ ಅದೇ ವರ್ಚುವಲ್‌ಸ್ಟೋರ್ ಕಥೆ ಹೊಸದಾಗಿ ಶುರುವಾಗುತ್ತದೆ. ಸಿ ಡ್ರೈವಿನಲ್ಲಿ ನೇರವಾಗಿ ಒಂದು ಫೋಲ್ಡರ್ ಮಾಡಿ, ಚಿಕ್ಕ ಇಂಗ್ಲಿಷ್ ಹೆಸರಿಡಿ. ತಂತ್ರಾಂಶವನ್ನೂ ಪೆನ್‌ಡ್ರೈವಿನಲ್ಲಿರುವ ಎಂಡಿಬಿಯನ್ನೂ ಅದರಲ್ಲೇ ಇಡಿ. ಕನ್ನಡ ಅಕ್ಷರದಲ್ಲಿ ಹೆಸರಿಡುವ ಆಸೆ ನನಗೂ ಇದೆ, ಆದರೆ ವಿಷುಯಲ್ ಬೇಸಿಕ್ 6ಕ್ಕೆ ಯೂನಿಕೋಡ್ ಹೆಸರಿನ ಫೋಲ್ಡರುಗಳು ಅರ್ಥವಾಗುವುದಿಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕೂಡ ಬೇಡ. ಹೊಸ ಕಂಪ್ಯೂಟರುಗಳಲ್ಲಿ ಅವೆರಡೂ ಅನೇಕ ವೇಳೆ ಒನ್‌ಡ್ರೈವ್ ಎಂಬ ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹಕ್ಕೆ ಕಟ್ಟಿಕೊಂಡಿರುತ್ತವೆ. ನೀವು ಹಾಜರಿ ಬರೆಯುತ್ತಿರುವಾಗಲೇ ಅದು ಫೈಲನ್ನು ಮೇಲಕ್ಕೆ ಕಳಿಸಲು ಹಿಡಿದುಕೊಂಡರೆ ಆ್ಯಕ್ಸೆಸ್ ಫೈಲ್ ಸಹಿಸುವುದಿಲ್ಲ.

ತಂತ್ರಾಂಶ ತೆರೆದ ಕೂಡಲೇ ಮಾಡಬೇಕಾದ ಮೊದಲ ಪರೀಕ್ಷೆ: ಮಳೆ ಲೆಕ್ಕದ ಪುಟಕ್ಕೆ ಹೋಗಿ 2018ರ ಆಗಸ್ಟ್ ತೆಗೆಯಿರಿ. ಆ ತಿಂಗಳ ಇಂಚು-ಸೆಂಟುಗಳು ಕೊಡಗಿನ ಯಾವ ತೋಟದಲ್ಲೂ ಮರೆಯುವಂಥವಲ್ಲ. ಗೋಡೆಯ ಕ್ಯಾಲೆಂಡರಿನಲ್ಲೋ ಡೈರಿಯಲ್ಲೋ ನೀವೂ ಬರೆದಿಟ್ಟಿರುತ್ತೀರಿ. ಪುಟ ಖಾಲಿ ಇದ್ದರೆ ತೆರೆದಿರುವುದು 2014ರ ಫೈಲ್. ಅಂಕಿಗಳಿದ್ದರೆ ಸರಿಯಾದ ಫೈಲ್ ಕೈಗೆ ಬಂದಿದೆ. ಪೆನ್‌ಡ್ರೈವಿನಲ್ಲಿ ಎರಡು ಲಾಗಿನ್‌ಗಳ ಫೈಲುಗಳಿದ್ದು ಎರಡರಲ್ಲೂ ಬೇರೆ ಬೇರೆ ತಿಂಗಳುಗಳಿದ್ದರೆ, ಹೆಚ್ಚು ತುಂಬಿರುವುದನ್ನು ಇಟ್ಟುಕೊಂಡು ಇನ್ನೊಂದರಲ್ಲಿರುವುದನ್ನು ಕೈಯಿಂದ ಸೇರಿಸುವುದೇ ಕ್ಷೇಮ. ಎರಡು ಫೈಲುಗಳನ್ನು ಒಂದಾಗಿಸುತ್ತೇನೆಂದು ಯಾರಾದರೂ ಮುಂದೆ ಬಂದರೆ ಮೂಲ ಪ್ರತಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನಕಲನ್ನು ಕೊಡಿ.

ಇಲ್ಲಿಗೆ ಮುಗಿಯಿತು ಎಂದು ಹೆಚ್ಚಿನವರು ನಿಟ್ಟುಸಿರು ಬಿಡುತ್ತಾರೆ. ನಾನು ಅತಿ ಹೆಚ್ಚು ಅಂಜುವುದು ಈ ಘಟ್ಟಕ್ಕೆ. 339 ದೊಡ್ಡ ದನಿಯಲ್ಲಿ ಕೂಗಿ ಕೆಲಸ ನಿಲ್ಲಿಸುತ್ತದೆ, ಆದ್ದರಿಂದ ಅದರಿಂದ ಲೆಕ್ಕ ಕೆಡುವುದಿಲ್ಲ. ಏನನ್ನೂ ಹೇಳದೆ ಲೆಕ್ಕ ಕೆಡಿಸುವ ದೋಷ ಬೇರೆ ಇದೆ. ಅದು ತಾರೀಕಿನದು.

ಅಂಗಡಿಯಿಂದ ಬರುವ ಹೊಸ ಕಂಪ್ಯೂಟರುಗಳಲ್ಲಿ ಪ್ರದೇಶದ ಆಯ್ಕೆ ಎಷ್ಟೋ ಸಲ ಅಮೆರಿಕದ ಇಂಗ್ಲಿಷ್ ಆಗಿರುತ್ತದೆ. ಅಲ್ಲಿನ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು ಪೆಟ್ಟಿಗೆಯಲ್ಲಿ ತಾರೀಕನ್ನು ಬೆರಳಚ್ಚಿಸಿದಾಗ ವಿಷುಯಲ್ ಬೇಸಿಕ್ ಅದನ್ನು ಅರ್ಥ ಮಾಡಿಕೊಳ್ಳುವುದು ವಿಂಡೋಸ್‌ನ ಈ ಆಯ್ಕೆಯ ಪ್ರಕಾರ. ರೊಬಸ್ಟಾ ಕೊಯ್ಲು ಶುರುವಾಗಿದೆ ಎಂದುಕೊಳ್ಳಿ. 05-01 ಎಂದು ಜನವರಿ 5ರ ತೂಕ ಬರೆದರೆ ಅದು ಮೇ 1 ಎಂದು ಬರೆದುಕೊಳ್ಳುತ್ತದೆ. 06-01 ಜೂನ್ 1 ಆಗುತ್ತದೆ. ಹೀಗೆ ಜನವರಿ 5ರಿಂದ 11ರವರೆಗಿನ ಒಂದು ವಾರ ಮೇ 1ರಿಂದ ನವೆಂಬರ್ 1ರವರೆಗೆ ತಿಂಗಳಿಗೊಂದರಂತೆ ಚದುರಿಹೋಗುತ್ತದೆ. ದೋಷದ ಸೂಚನೆ ಬರುವುದಿಲ್ಲ. 13ನೆಯ ತಾರೀಕು ಬಂದ ಕೂಡಲೇ, 13ನೆಯ ತಿಂಗಳು ಇಲ್ಲವಾದ್ದರಿಂದ, ವಿಷುಯಲ್ ಬೇಸಿಕ್ ತಾನಾಗಿಯೇ ತಿರುಗಿಸಿ ಸರಿಯಾಗಿ ಬರೆದುಕೊಳ್ಳುತ್ತದೆ. ಹೀಗಾಗಿ ತಿಂಗಳ ಕೊನೆಯಲ್ಲಿ ಪರೀಕ್ಷಿಸಿ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಬಟವಾಡೆಯ ದಿನ ಲೈನ್‌ಮನೆಯ ಕಾರ್ಮಿಕರು ‘ನಮ್ಮ ಒಂದು ವಾರದ ಕೊಯ್ಲು ಎಲ್ಲಿ’ ಎಂದು ಕೇಳಿದಾಗ ಪರದೆಯ ಮೇಲಿನ ಸೊನ್ನೆಯನ್ನು ತೋರಿಸಿ ನೀವು ಉತ್ತರ ಹೇಳಬೇಕಾಗುತ್ತದೆ. ಆ ಮಾತಿನಲ್ಲಿ ಸರಿ ಇರುವವರು ಅವರು.

ಹಳೆಯ ನಮೂದುಗಳ ಬಗ್ಗೆ ಚಿಂತೆ ಬೇಡ. ತಾರೀಕಿಗೆಂದೇ ಇರುವ ಕಾಲಮ್‌ನಲ್ಲಿ ಆ್ಯಕ್ಸೆಸ್ ಅದನ್ನು ಒಂದು ಸಂಖ್ಯೆಯಾಗಿ, 1899ರ ಡಿಸೆಂಬರ್ 30ರಿಂದ ಎಣಿಸಿದ ದಿನಗಳಾಗಿ ಇಡುತ್ತದೆ. ಆಯ್ಕೆ ಬದಲಾದರೆ ಅದು ಕಾಣುವ ರೀತಿ ಬದಲಾಗುತ್ತದೆಯೇ ಹೊರತು ಒಳಗಿನ ದಿನವಲ್ಲ. ಕೆಡುವುದು ಹೊಸದಾಗಿ ಬೆರಳಚ್ಚಿಸಿದ್ದು ಮಾತ್ರ. ಆದ್ದರಿಂದ ಒಂದೇ ಒಂದು ಹಾಜರಿ ಬರೆಯುವ ಮೊದಲು ಇದನ್ನು ಸರಿಪಡಿಸಿ. ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಐ, ಎನ್, ಟಿ, ಎಲ್, ಚುಕ್ಕಿ, ಸಿ, ಪಿ, ಎಲ್ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ‘ರೀಜನ್’ ಕಿಟಕಿ ತೆರೆಯುತ್ತದೆ. ನಮೂನೆಯನ್ನು ‘ಇಂಗ್ಲಿಷ್ (ಇಂಡಿಯಾ)’ ಮಾಡಿ. ಚಿಕ್ಕ ತಾರೀಕಿನ ನಮೂನೆ ದಿನ, ತಿಂಗಳು, ನಾಲ್ಕಂಕಿಯ ವರ್ಷ ಎಂಬ ಕ್ರಮದಲ್ಲಿ, ಹಳೆಯ ಕಂಪ್ಯೂಟರಿನಲ್ಲಿದ್ದ ಹಾಗೆಯೇ ಇದೆಯೇ ನೋಡಿ. ತಂತ್ರಾಂಶವನ್ನು ಮುಚ್ಚಿ ತೆರೆದು, 12ರೊಳಗಿನ ಯಾವುದಾದರೂ ತಾರೀಕಿನಲ್ಲಿ ಒಂದು ಸುಳ್ಳು ನಮೂದು ಮಾಡಿ, ಅದು ಯಾವ ತಿಂಗಳ ವರದಿಯಲ್ಲಿ ಬರುತ್ತದೆ ಎಂದು ನೋಡಿ ಅಳಿಸಿ. 1-1, 2-2 ಇಂಥ ತಾರೀಕುಗಳನ್ನು ಆರಿಸಿಕೊಳ್ಳಬೇಡಿ, ಅವು ಹೇಗೆ ತಿರುಗಿಸಿದರೂ ಒಂದೇ.

ಅದೇ ಕಿಟಕಿಯಲ್ಲಿ ಇನ್ನೆರಡು ಸಣ್ಣ ಕೆಲಸಗಳಿವೆ. ಮೊತ್ತಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದ್ದರೆ ಅದು ರೂಪಾಯಿಯ ಹೊಸ ಚಿಹ್ನೆ. 2010ರಲ್ಲಿ ಬಂದ ಆ ಚಿಹ್ನೆ 1998ರ ವಿಷುಯಲ್ ಬೇಸಿಕ್‌ಗೆ ಗೊತ್ತಿಲ್ಲ. ಹೆಚ್ಚುವರಿ ಆಯ್ಕೆಗಳಿಗೆ ಹೋಗಿ ಹಣದ ಚಿಹ್ನೆಯ ಜಾಗದಲ್ಲಿ ಆರ್, ಎಸ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಹಾಕಿದರೆ ಸಾಕು.

ಕಾರ್ಮಿಕರ ಹೆಸರುಗಳು ಕನ್ನಡದಲ್ಲಿದ್ದರೆ ಅವು ವಿಚಿತ್ರ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಬಹುದು. ಆ ಕಾಲದ ತಂತ್ರಾಂಶಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳನ್ನು ಬಳಸುತ್ತಿದ್ದವು. ಹೆಸರುಗಳು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಹಳೆಯ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಅದೇ ಫಾಂಟನ್ನು ತಂದು ಹಾಕಿ. ಹೊಸ ನುಡಿಯ ಯೂನಿಕೋಡ್ ಫಾಂಟ್ ಇಲ್ಲಿ ಪ್ರಯೋಜನಕ್ಕೆ ಬಾರದು. ಫಾಂಟ್ ಹಾಕಿದರೂ ಅಕ್ಷರಗಳು ಒಡೆದಂತೆ ಕಂಡರೆ ‘ರೀಜನ್’ ಕಿಟಕಿಯ ‘ಅಡ್ಮಿನಿಸ್ಟ್ರೇಟಿವ್’ ಭಾಗದಲ್ಲಿ ಸಿಸ್ಟಂ ಲೊಕೇಲ್ ಬದಲಿಸುವ ಗುಂಡಿ ಒತ್ತಿ, ಅಲ್ಲಿ ‘ಬೀಟಾ’ ಎಂದು ಆರಂಭವಾಗುವ, ಯುಟಿಎಫ್-8 ಬಳಸುವ ಸಾಲಿನ ಮುಂದಿನ ಗುರುತನ್ನು ತೆಗೆದು ಕಂಪ್ಯೂಟರನ್ನು ಮರಳಿ ಆರಂಭಿಸಿ. ಯೂನಿಕೋಡ್ ಕನ್ನಡಕ್ಕೆ ಒಳ್ಳೆಯದೆಂದು ಯಾರೋ ಸದುದ್ದೇಶದಿಂದ ಆ ಗುರುತು ಹಾಕಿರುತ್ತಾರೆ. ಹಳೆಯ ಫಾಂಟುಗಳಿಗೆ ಮಾತ್ರ ಅದೇ ಶತ್ರು. ಹೆಸರುಗಳನ್ನು ಮತ್ತೆ ಬೆರಳಚ್ಚಿಸಲು ಕೂರಬೇಡಿ. ಅರ್ಧ ಹೆಸರುಗಳು ಒಂದು ರೀತಿ, ಇನ್ನರ್ಧ ಇನ್ನೊಂದು ರೀತಿಯಾಗಿ ಹುಡುಕಾಟವೇ ಕೆಡುತ್ತದೆ.

ಬಟವಾಡೆ ಚೀಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಇದ್ದರೆ, ಅದಕ್ಕೆ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಬೇಕು. ತಯಾರಕರ ಡ್ರೈವರ್ ಸಿಗದಿದ್ದರೆ ವಿಂಡೋಸ್‌ನಲ್ಲೇ ಇರುವ ‘ಜೆನೆರಿಕ್, ಟೆಕ್ಸ್ಟ್ ಓನ್ಲಿ’ ಎಂಬುದನ್ನು ಆರಿಸಿ ನೋಡಿ. ಇಂಗ್ಲಿಷ್ ಅಂಕಿಗಳು ಬರುತ್ತವೆ, ಕನ್ನಡ ಬರುವುದಿಲ್ಲ.

ಎರಡು ಬಟವಾಡೆ ಕಳೆಯುವವರೆಗೆ ಕಾಗದದ ಚೆಕ್‌ರೋಲನ್ನೂ ಜೊತೆಯಲ್ಲೇ ಬರೆಯಿರಿ. ಕಂಪ್ಯೂಟರಿನ ಮೊತ್ತವೂ ಕಾಗದದ ಮೊತ್ತವೂ ಪ್ರತಿ ಹೆಸರಿನ ಮುಂದೆ ತಾಳೆಯಾದ ಮೇಲೆ ಹಳೆಯ ಕಂಪ್ಯೂಟರನ್ನು ವಿನಿಮಯಕ್ಕೆ ಕೊಡುವ ಮಾತು ಎತ್ತಬಹುದು. ಆಗಲೂ ಅದರ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳಿ, ಡಿಸ್ಕಿಲ್ಲದ ಹಳೆಯ ಪೆಟ್ಟಿಗೆಗೆ ಅಂಗಡಿಯವರು ಕಡಿಮೆ ಕೊಡುವುದು ನೂರೋ ಇನ್ನೂರೋ. ಇನ್ನು, ಯುಪಿಎಸ್ ಇಲ್ಲದೆ ಈ ತಂತ್ರಾಂಶವನ್ನು ಓಡಿಸಬೇಡಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ನಿಮಗೆ ಹೊಸದಲ್ಲ. ಬರೆಯುತ್ತಿರುವಾಗ ಹಾಗೆ ಹೋದರೆ ಆ್ಯಕ್ಸೆಸ್ ಫೈಲ್ ಮುರಿದುಬೀಳುವ ಸಂಭವ ಹೆಚ್ಚು. ಪ್ರತಿ ಬಟವಾಡೆಯ ಸಂಜೆ ತಂತ್ರಾಂಶ ಮುಚ್ಚಿ ಎಂಡಿಬಿಯನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಹಿಂದಿನದರ ಮೇಲೆ ಬರೆಯದೆ ತಾರೀಕಿನ ಹೆಸರಿನ ಹೊಸ ಫೋಲ್ಡರಿಗೆ ಹಾಕಿ.

ಒಸಿಎಕ್ಸ್‌ಗಳೆಲ್ಲ ಸರಿಹೋಗಿ 339 ನಿಂತ ಮೇಲೂ ತಂತ್ರಾಂಶ ತೆರೆಯದಿದ್ದರೆ, ಆಗ ಬರುವ ಸಂಖ್ಯೆಯನ್ನು ನೋಡಿ. 429 ಬಂದರೆ ಎಂಡಿಬಿ ಓದಲು ಬೇಕಾದ ಹಳೆಯ ಡಿಎಒ 3.5 ಎಂಬ ಭಾಗ ಕಾಣೆಯಾಗಿರಬಹುದು. ಅದು ಹೊಸ ವಿಂಡೋಸ್‌ನಲ್ಲಿ ಬರುವುದಿಲ್ಲ, ಸಿಡಿಯಿಂದಲೇ ಹಾಕಬೇಕು. 70 ಅಥವಾ 75 ಬಂದರೆ ಅದು ಬರೆಯಲು ಅನುಮತಿಯಿಲ್ಲದ ಜಾಗದಲ್ಲಿ ಬರೆಯಲು ಹೋಗಿದೆ. ತಂತ್ರಾಂಶ ಇನ್ನೂ ಪ್ರೋಗ್ರಾಂ ಫೈಲ್ಸ್‌ನಲ್ಲೇ ಇದೆಯೇ ಅಥವಾ ಸಿಡಿಯಿಂದ ನಕಲಾದ ಫೈಲಿಗೆ ‘ರೀಡ್ ಓನ್ಲಿ’ ಗುರುತು ಉಳಿದಿದೆಯೇ ನೋಡಿ. ಯಾವುದಕ್ಕೂ ಬಗ್ಗದಿದ್ದರೆ ಹೊಸ ಕಂಪ್ಯೂಟರಿನೊಳಗೇ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ವಿಂಡೋಸ್ 7 ಅನ್ನು ಕೂರಿಸಿ, ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡದೆ ಓಡಿಸುವ ದಾರಿಯೂ ಇದೆ. ಅದಕ್ಕೆ ತಿಳಿದವರ ಕೈ ಬೇಕು, ವಿಂಡೋಸ್ 7ರ ಸಕ್ರಮ ಪರವಾನಗಿಯೂ ಬೇಕು.

ಹೊಸ ತಂತ್ರಾಂಶ ಬರೆಸುವ ಯೋಚನೆ ಸಾಹುಕಾರರಿಗೆ ಬಂದರೆ ತಪ್ಪೇನಿಲ್ಲ, ಒಂದಲ್ಲ ಒಂದು ದಿನ ಬರೆಸಲೇಬೇಕು. ಆದರೆ ಕೊಯ್ಲಿನ ಕಾಲದಲ್ಲಿ ಬೇಡ. ಕಣದಲ್ಲಿ ಕಾಫಿ ಹರಡಿರುವಾಗ, ದಿನಕ್ಕೆ ಇಷ್ಟು ಕಿಲೋ ಎಂದು ಸಾಲುಸಾಲಾಗಿ ತೂಕ ಬರೆಯಬೇಕಾದಾಗ ಹೊಸದನ್ನು ಕಲಿಯಲು ಹೊರಟರೆ ತೂಕವೂ ತಪ್ಪುತ್ತದೆ, ತಾಳ್ಮೆಯೂ ತಪ್ಪುತ್ತದೆ. ಜೂನ್ ದಾಟಿ ಮಳೆ ಹಿಡಿದ ಮೇಲೆ ಕೂತು ಮಾತಾಡಿ. ಬರೆದುಕೊಡುವವರ ಬಳಿ ಮೂರು ವಿಷಯ ಮೊದಲೇ ಕರಾರು ಮಾಡಿಕೊಳ್ಳಿ: ಮೂಲ ಸಂಕೇತದ ಪ್ರತಿ ತೋಟದ ಬಳಿಯೂ ಇರಬೇಕು, ಅನುಸ್ಥಾಪನೆಯ ಫೈಲ್ ನಿಮ್ಮ ಕೈಯಲ್ಲಿರಬೇಕು, ಯಾವ ತಿಂಗಳ ಲೆಕ್ಕವನ್ನಾದರೂ ಎಕ್ಸೆಲ್‌ಗೆ ಇಳಿಸಿಕೊಳ್ಳುವ ಗುಂಡಿ ಇರಬೇಕು. ಅಲ್ಲಿಯವರೆಗೆ ಈ ಹಳೆಯದು ಓಡುತ್ತದೆ.